ಅರಿಯದುದರ ಮುಂದೆ ಬೆರಗು

ಅರಿವು ಹೆಚ್ಚಿದಂತೆ ಬೆರಗು ಕರಗಿಹೋಗುತ್ತದೆ ಎಂದು ನಂಬುವವರು ಒಂದು ಕಡೆ. ಬೆರಗು ಉಳಿಯಬೇಕಾದರೆ ಅರಿವು ಮಿತಿಮೀರಕೂಡದು ಎಂದು ಅಂಜುವವರು ಇನ್ನೊಂದು ಕಡೆ. ಹೋಟೆಲಿನ ಮೇಜಿನ ಸುತ್ತಲೂ ಲೋಕಲ್ ಗಾಡಿಯ ಡಬ್ಬಿಯಲ್ಲಿಯೂ ನಡೆಯುವ ಈ ವಾಗ್ವಾದವನ್ನು ನಮ್ಮ ವಾಚಕರು ಕೇಳದೆ ಇರಲಾರರು. ಎರಡು ಪಕ್ಷಗಳೂ ಒಂದೇ ತಪ್ಪೆಣಿಕೆಯ ಮೇಲೆ ನಿಂತಿವೆ ಎಂಬುದು ನಮ್ಮ ಅಭಿಮತ. ಮುಂಬಯಿಯಲ್ಲಿ ನಮ್ಮ ನೆರೆಹೊರೆಯವರಾಗಿರುವ ಮಂಗಳೂರು ಕಡೆಯ ಕ್ರೈಸ್ತ ಬಂಧುಗಳ ಪರಂಪರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಇತರರೂ ಅವುಗಳನ್ನು ಆಲೋಚಿಸತಕ್ಕದ್ದು.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೋಬನೆಂಬ ಸಜ್ಜನನ ಗ್ರಂಥವೊಂದಿದೆ. ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡ ಆತನು ತನಗೇಕೆ ಈ ಗತಿಯೆಂದು ದೇವರನ್ನೇ ವಿಚಾರಣೆಗೆ ಕರೆಯುತ್ತಾನೆ. ಬಿರುಗಾಳಿಯೊಳಗಿಂದ ಬರುವುದು ಉತ್ತರವಲ್ಲ, ಪ್ರಶ್ನೆಗಳ ಸುರಿಮಳೆ. ಭೂಮಿಯ ಅಳತೆ, ಕಡಲಿನ ಎಲ್ಲೆ, ಹಿಮದ ಉಗ್ರಾಣ, ಕಾಡುಮೇಕೆ ಈಯುವ ಕಾಲ, ಗಿಡುಗ ಹಾರುವ ಬಗೆ, ಇವುಗಳಲ್ಲಿ ನಿನಗೆ ಗೊತ್ತಿರುವುದೆಷ್ಟೆಂದು ದೇವರು ಕೇಳುತ್ತಾನೆ. ಯೋಬನ ದುಃಖದ ಕಾರಣವನ್ನು ಆತನಿಗೆ ಕೊನೆಗೂ ಹೇಳುವುದಿಲ್ಲ. ಆದರೆ ಸಿದ್ಧ ಸಮಾಧಾನಗಳನ್ನು ಒಪ್ಪಿಸಿದ ಮೂವರು ಗೆಳೆಯರ ಮೇಲೆ ದೇವರು ಕೋಪಗೊಂಡು, ಪ್ರಶ್ನಿಸಿದ ಯೋಬನನ್ನೇ ಮೆಚ್ಚುತ್ತಾನೆ. ತಿಳಿಯದುದನ್ನು ತಿಳಿದಂತೆ ನಟಿಸುವುದು ಭಕ್ತಿಯಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಭಾವನೆಯೇ ವಿಜ್ಞಾನವನ್ನು ಮುಂದಕ್ಕೆ ನಡೆಸಿದ ಸಂದರ್ಭವೂ ಉಂಟು. ಜರ್ಮನಿಯ ಯೋಹಾನೆಸ್ ಕೆಪ್ಲರ್ (1571–1630) ಪಾದ್ರಿಯಾಗಬೇಕೆಂದು ದೇವಶಾಸ್ತ್ರವನ್ನು ಓದಿದವನು. ಗ್ರಹಗಳು ವೃತ್ತಗಳಲ್ಲಿಯೇ ಚಲಿಸುತ್ತವೆ ಎಂಬ ಹಳೆಯ ನಂಬಿಕೆಯಂತೆ ಮಂಗಳ ಗ್ರಹದ ಗತಿಯನ್ನು ಆತನು ವರ್ಷಗಟ್ಟಲೆ ಗಣಿಸಿದನು. ಟೈಕೋ ಬ್ರಾಹೆ ಅಳೆದಿಟ್ಟಿದ್ದ ಸ್ಥಾನಕ್ಕೂ ಈ ಗಣಿತಕ್ಕೂ ಎಂಟು ಕಲೆಗಳ ಅಂತರ ಬಂದಿತು. ಒಂದು ಅಂಶದ ಅರುವತ್ತನೆಯ ಪಾಲು ಒಂದು ಕಲೆ. ಎಂಟು ಕಲೆಯೆಂದರೆ ಹುಣ್ಣಿಮೆಯ ಚಂದ್ರಬಿಂಬದ ಅಗಲದ ಕಾಲುಭಾಗ ಮಾತ್ರ. ಜಮಾಖರ್ಚಿನಲ್ಲಿ ನಾಲ್ಕು ಕಾಸು ತಾಳೆಯಾಗದಿದ್ದರೆ ಪ್ರಾಮಾಣಿಕ ಗುಮಾಸ್ತನು ಹೇಗೆ ಪುಸ್ತಕ ಮುಚ್ಚಲಾರನೋ ಹಾಗೆಯೇ ಕೆಪ್ಲರನೂ ಮುಚ್ಚಲಿಲ್ಲ. ಟೈಕೋನಂಥ ಎಚ್ಚರದ ವೀಕ್ಷಕನನ್ನು ಕರುಣಿಸಿದವನು ದೇವರು. ಆ ಕೊಡುಗೆಯನ್ನು ಕಡೆಗಣಿಸುವುದು ಕೃತಘ್ನತೆ ಎಂಬುದು ಆತನ ಭಾವನೆಯಾಗಿತ್ತು. ವೃತ್ತವನ್ನು ಬಿಟ್ಟು ದೀರ್ಘವೃತ್ತವನ್ನು ಹಿಡಿದು 1609ರಲ್ಲಿ ಆ ವಿಷಯವನ್ನು ಪ್ರಕಟಿಸಿದನು. ಭಕ್ತಿ ಆತನನ್ನು ಸೋಮಾರಿಯನ್ನಾಗಿಸಲಿಲ್ಲ, ಲೆಕ್ಕದಲ್ಲಿ ಕಟ್ಟುನಿಟ್ಟಿನವನನ್ನಾಗಿಸಿತು.

ನಮಗೆ ಇನ್ನೂ ಹತ್ತಿರದವರು ಬೆಲ್ಜಿಯಂ ದೇಶದ ಜಾರ್ಜ್ ಲೆಮೆತ್ರ್. 1923ರಲ್ಲಿ ಪಾದ್ರಿಯ ದೀಕ್ಷೆ ಪಡೆದ ಇವರು 1927ರಲ್ಲಿ ವಿಶ್ವವು ಹಿಗ್ಗುತ್ತಿದೆಯೆಂದು ಗಣಿತದಿಂದ ತೋರಿಸಿದರು. 1931ರಲ್ಲಿ ಅದು ಒಂದು ಆದಿಪರಮಾಣುವಿನಿಂದ ಮೊದಲಾಗಿರಬೇಕೆಂದು ಸೂಚಿಸಿದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಹೊಸ ವಿಜ್ಞಾನವು ಸೃಷ್ಟಿಯ ಮಾತಿಗೆ ಸಾಕ್ಷಿ ನುಡಿಯುತ್ತಿದೆ ಎಂಬರ್ಥದ ಭಾಷಣ ಮಾಡಿದಾಗ, ಪಾದ್ರಿಯಾದ ಲೆಮೆತ್ರರು ಹಿಗ್ಗಲಿಲ್ಲ. ತಮ್ಮ ಸಿದ್ಧಾಂತವನ್ನು ಧರ್ಮದ ವಾದಕ್ಕೆ ಆಧಾರವಾಗಿಸುವುದು ಅವರಿಗೆ ಸರಿದೋರಲಿಲ್ಲ. ಇಂದು ಗಣಿತ ತಪ್ಪೆಂದು ಕಂಡರೆ ನಾಳೆ ನಂಬಿಕೆಯೂ ಕುಸಿಯಬೇಕೇನು? ಆ ಆದಿಸ್ಫೋಟದ ಅಳಿದುಳಿದ ಕಾವನ್ನು 1965ರಲ್ಲಿ ಗುರುತಿಸಲಾಯಿತು. ಆ ವಾರ್ತೆಯನ್ನು ಕೇಳಿದ ಬಳಿಕ, 1966ರಲ್ಲಿ ಲೆಮೆತ್ರರು ತೀರಿಕೊಂಡರು.

ಗೆಲಿಲಿಯೋನನ್ನು ದಂಡಿಸಿದ್ದು ಇದೇ ಧರ್ಮದ ಪೀಠವಲ್ಲವೇ ಎಂದು ಕೆಲವರು ಕೇಳಬಹುದು. ಹೌದು, 1633ರ ಆ ತೀರ್ಪು ಅನ್ಯಾಯವೇ ಆಗಿತ್ತು. ಆಗ ತಪ್ಪಾಯಿತೆಂಬುದನ್ನು 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರೇ ಒಪ್ಪಿಕೊಂಡರು. ಆದರೆ ಅಂದು ತಪ್ಪಿದ್ದು ಬೆರಗಲ್ಲ, ಎಲ್ಲವೂ ತಮಗೆ ತಿಳಿದಿದೆಯೆಂಬ ಅಧಿಕಾರದ ಗರ್ವ. ಆ ಗರ್ವವು ಪಾದ್ರಿಯ ನಿಲುವಂಗಿಯನ್ನು ತೊಡಬಲ್ಲುದು. ಪ್ರಯೋಗಶಾಲೆಯ ಬಿಳಿಯ ಅಂಗಿಯನ್ನೂ ತೊಡಬಲ್ಲುದು.

ಇಂದಿನ ಅರಿವಿನ ಸ್ಥಿತಿಯಾದರೂ ಏನು? ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷಗಳೆಂದು ಅಳೆದಿದ್ದಾರೆ. ಅದೇ ಅಳತೆಯಿಂದ ತಿಳಿದ ಮಾತೆಂದರೆ, ನಕ್ಷತ್ರ, ಗ್ರಹ, ಕಡಲು, ನಾವು ನೀವು ಎಲ್ಲವೂ ಆಗಿರುವ ಪದಾರ್ಥವು ವಿಶ್ವದಲ್ಲಿ ನೂರಕ್ಕೆ ಐದು ಪಾಲು ಮಾತ್ರ. ಸುಮಾರು 27 ಪಾಲು ಕಾಣದ ದ್ರವ್ಯ, 68 ಪಾಲು ಕಾಣದ ಶಕ್ತಿ. ಇವು ಏನೆಂದು ಇಂದಿಗೂ ಯಾರಿಗೂ ತಿಳಿಯದು. ಅರಿವು ಬೆಳೆದುದರಿಂದಲೇ ಅಜ್ಞಾನದ ವಿಸ್ತಾರ ಕಂಡಿತು. ಬಲ್ಲವನು ತಲೆಬಾಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ದೂರದ ನಕ್ಷತ್ರಗಳೇ ಬೇಕೆಂದಿಲ್ಲ. ನಾವು ಬಹುಕಾಲ ಕಳೆದ ಹೋಟೆಲಿನ ಅಡಿಗೆಮನೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಅಕ್ಕಿ ಉದ್ದುಗಳಲ್ಲಿಯೇ ಇರುವ ಬ್ಯಾಕ್ಟೀರಿಯಗಳು ಹುಳಿಯನ್ನೂ ಅನಿಲವನ್ನೂ ಹುಟ್ಟಿಸುತ್ತವೆ. ಉದ್ದಿನ ಜಿಗುಟು ಆ ಅನಿಲವನ್ನು ಹಿಡಿದಿಡುತ್ತದೆ. ಇದನ್ನು ತಿಳಿದ ಮೇಲೆ ಹಿಟ್ಟು ಕ್ಷುಲ್ಲಕವಾಗಿ ಕಂಡಿತೇ? ಕಣ್ಣಿಗೆ ಕಾಣದ ಕೋಟಿ ಜೀವಿಗಳು ಒಂದು ಪಾತ್ರೆಯಲ್ಲಿ ರಾತ್ರಿಪಾಳಿ ಮಾಡುತ್ತವೆಂದು ತಿಳಿದಾಗ ಬೆರಗು ಇಮ್ಮಡಿಯಾಯಿತು.

ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು ನಮ್ಮಲ್ಲಿ ಬಹಳ ಮಂದಿ. ಕಡಿಮೆ ಓದಿದವರೆಂದು ಸಂಕೋಚಪಡುವವರಿಗೂ, ಹೆಚ್ಚು ಓದಿದವರೆಂದು ಬೀಗುವವರಿಗೂ ನಾವು ಹೇಳುವುದಿಷ್ಟೇ: ವಿಶ್ವದ ತೊಂಬತ್ತೈದು ಪಾಲು ಅರಿಯದವರಲ್ಲಿ ನಾವೆಲ್ಲರೂ ಸಮಾನರು. ಆಕಾಶ ನೀಲಿಯೇಕೆ, ಕಡಲು ಉಪ್ಪೇಕೆ ಎಂದು ಮನೆಯ ಮಗು ಕೇಳಿದಾಗ, ದೇವರು ಮಾಡಿದ್ದು, ಸುಮ್ಮನಿರು ಎಂದು ಗದರುವುದು ಭಕ್ತಿಯಲ್ಲ. ಗೊತ್ತಿದ್ದರೆ ಹೇಳೋಣ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಒಪ್ಪಿ ಮಗುವಿನೊಡನೆ ಕುಳಿತು ಹುಡುಕೋಣ. ಸೃಷ್ಟಿಕರ್ತನನ್ನು ನಂಬುವವರು ಆತನ ಕೆಲಸಕ್ಕೆ ಸಲ್ಲಿಸಬಹುದಾದ ಗೌರವಗಳಲ್ಲಿ ಇದು ಚಿಕ್ಕದೇನೂ ಅಲ್ಲ.