ದುಬಾರಿ ಕೀಬೋರ್ಡ್ ಕೊಂಡರೆ ಕೈನೋವು ಹೋಗುತ್ತದೆಯೇ?

ಸಾವಿರಾರು ರೂಪಾಯಿಯ 'ಎರ್ಗೊನಾಮಿಕ್' ಕೀಬೋರ್ಡ್ ಕೊಂಡರೆ ಮಣಿಕಟ್ಟಿನ ನೋವು ಮಾಯ ಎನ್ನುವ ಮಾತು ನಿಮ್ಮ ಫೋನಿಗೂ ಬಂದಿರಬಹುದು. ಅರಸೀಕೆರೆಯ ಡಿಟಿಪಿ ಅಂಗಡಿಯಲ್ಲಿ ದಿನವಿಡೀ ಅರ್ಜಿ ಟೈಪ್ ಮಾಡುವವರಿಗೆ ಇದು ಆಸೆ ಹುಟ್ಟಿಸುವ ಮಾತೇ. ಆದರೆ ಆಧಾರ ತೆಳು. ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ 'ಕಾರ್ಪಲ್ ಟನಲ್' ತೊಂದರೆಗೆ ಇಂಥ ಕೀಬೋರ್ಡುಗಳು ಪರಿಹಾರವೇ ಎಂದು 2012ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಹುಡುಕಿತು. ಸಿಕ್ಕಿದ್ದು ಒಟ್ಟು 105 ಜನರ ಮೇಲೆ ನಡೆದ ಎರಡೇ ಪ್ರಯೋಗ. ಏನನ್ನೂ ಖಚಿತವಾಗಿ ಹೇಳಲು ಅವು ಸಾಲಲಿಲ್ಲ. ಮಧುಮೇಹ, ಥೈರಾಯ್ಡ್ ಕೊರತೆಗಳಿಂದಲೂ ಈ ತೊಂದರೆ ಬರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಹೋಗಬೇಕಾದದ್ದು ವೈದ್ಯರ ಬಳಿಗೆ, ಕಂಪ್ಯೂಟರ್ ಅಂಗಡಿಗಲ್ಲ.

ದಿನನಿತ್ಯದ ಆಯಾಸಕ್ಕೆ ಬೆಲೆಗಿಂತ ಮುಖ್ಯವಾದದ್ದು ಕೀಬೋರ್ಡ್ ಕೂತಿರುವ ಎತ್ತರ. ಮೊಣಕೈ ಮಟ್ಟಕ್ಕಿಂತ ಮೇಲಿದ್ದರೆ ಭುಜ ಏರುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಊಟದ ಮೇಜಿನ ಮೇಲೆ ಇಟ್ಟುಕೊಂಡವರ ಪಾಡು ಇದೇ. ಕುರ್ಚಿಗೊಂದು ದಿಂಬು ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಕೀಬೋರ್ಡಿನ ಹಿಂಬದಿಯ ಪುಟ್ಟ ಕಾಲುಗಳನ್ನು ಎಬ್ಬಿಸಿದರೆ ಆರಾಮ ಎಂದು ಹಲವರು ನಂಬಿದ್ದಾರೆ. ಅವು ಮಣಿಕಟ್ಟನ್ನು ಇನ್ನಷ್ಟು ಬಾಗಿಸುತ್ತವೆ. ಮಡಚಿಡಿ.

ಬಲಗಡೆಯ ಅಂಕಿಗಳ ಗುಂಪು ಕೊಬ್ಬರಿ ಮಂಡಿಯ ಲೆಕ್ಕ ಬರೆಯುವವರಿಗೆ ಬೇಕೇ ಬೇಕು. ಬರೀ ಪತ್ರ, ಲೇಖನ ಬರೆಯುವವರಿಗೆ ಅದಿಲ್ಲದ ಕೀಬೋರ್ಡೇ ಒಳ್ಳೆಯದು, ಮೌಸ್ ಕೈಗೆ ಹತ್ತಿರ ಬರುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ವಿಷಯವಿದೆ, ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಕನ್ನಡ ಅಕ್ಷರ ಅಚ್ಚಾಗಿರುವ ಕೀಬೋರ್ಡೇ ಬೇಕೆಂದಿಲ್ಲ. ಮಾಮೂಲಿ ಇಂಗ್ಲಿಷ್ ಕೀಬೋರ್ಡ್ ಸಾಕು. ಯಾವ ಕೀಲಿಗೆ ಯಾವ ಅಕ್ಷರ ಎಂಬ ವಿನ್ಯಾಸವನ್ನು ತಂತ್ರಾಂಶ ನಿರ್ಧರಿಸುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ 'ನುಡಿ'ಯಲ್ಲಿ ದೀರ್ಘಾಕ್ಷರ, ಮಹಾಪ್ರಾಣ, ಳ, ಣಗಳಿಗೆ ಶಿಫ್ಟ್ ಒತ್ತಬೇಕು. ನಾವು ಲೆಕ್ಕ ಹಾಕಿ ನೋಡಿದೆವು: 'ಅರಸೀಕೆರೆ'ಗೆ ಒಂದು ಶಿಫ್ಟ್, 'ಬೇಲೂರು' ಬರೆಯಲು ಎರಡು, 'ಹಳೇಬೀಡು' ಬರೆಯಲು ಮೂರು. ವಿಂಡೋಸ್‌ನಲ್ಲೇ ಇರುವ ಇನ್‌ಸ್ಕ್ರಿಪ್ಟ್‌ನಲ್ಲಿ ಕ್ರಮವಾಗಿ ಒಂದು, ಸೊನ್ನೆ, ಒಂದು. ಅಂದರೆ ಆರು ಶಿಫ್ಟ್ ಎರಡಕ್ಕೆ ಇಳಿಯಿತು. ಜೊತೆಗೆ ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ ಸಿಗುವುದರಿಂದ ಕೆಲಸ ಹಂಚಿಹೋಗುತ್ತದೆ. ಹಾಗೆಂದು ನುಡಿಯಲ್ಲಿ ಪಳಗಿದ ಬೆರಳುಗಳನ್ನು ಇವತ್ತೇ ಬದಲಿಸಿ ಎನ್ನುವುದಿಲ್ಲ. ಹೊಸದು ಕಲಿಯಲು ವಾರಗಳೇ ಬೇಕು. ನುಡಿಯಲ್ಲೇ ಮುಂದುವರಿಯುವವರು ಶಿಫ್ಟನ್ನು ಅಕ್ಷರ ಒತ್ತುವ ಕೈಯಿಂದ ಒತ್ತದೆ, ಇನ್ನೊಂದು ಕೈಯ ಕಿರುಬೆರಳಿನಿಂದ ಒತ್ತುವ ಅಭ್ಯಾಸ ಮಾಡಿಕೊಳ್ಳಬಹುದು.

ಹಾಗಾಗಿ ಕೊಳ್ಳುವಾಗ ಎರಡೂ ಬದಿಯ ಶಿಫ್ಟ್ ಕೀಲಿ ಅಗಲವಾಗಿದೆಯೇ ಎಂದು ಮೊದಲು ನೋಡಿ. ಜಾಗ ಉಳಿಸಲು ಬಲಗಡೆಯದನ್ನು ಚಿಕ್ಕದಾಗಿಸಿದ ಮಾದರಿಗಳಿವೆ. ಕೀಲಿಯಿಂದ ಕೀಲಿಗೆ ಸುಮಾರು 19 ಮಿಲಿಮೀಟರ್ ಅಂತರವಿರಲಿ, ಗುಂಡಿ ಮೆತ್ತಗೆ ಕೆಳಗಿಳಿಯಲಿ. ಡಬ್ಬಿ ಬಿಚ್ಚಿಸಿ, ಕೂತು, 'ಹಳೇಬೀಡು' ಎಂದು ಹತ್ತು ಸಲ ಟೈಪ್ ಮಾಡಿ ನೋಡಿ. ಕಿರುಬೆರಳು ತಡಕಾಡಿದರೆ ಬೇರೆಯದನ್ನು ತೋರಿಸಲು ಹೇಳಿ.