ಬಣ್ಣ ಬಿಡಿಸುವ ಎಣ್ಣೆ

ಬಳ್ಳಾರಿ ಸೀಮೆಯ ದೊಡ್ಡಾಟವನ್ನು ಕಂಡವರಿಗೆ ಸಾರಥಿಯ ಪರಿಚಯವಿದ್ದೇ ಇರುತ್ತದೆ. ಕಿರೀಟ, ಭುಜಕೀರ್ತಿ ಧರಿಸಿ ಕುಣಿಯುತ್ತ ಬಂದ ವೇಷವನ್ನು ಆತ ಸುಮ್ಮನೆ ಬಿಡುವವನಲ್ಲ. ತಾವು ಯಾರು, ಇರುವ ಪಟ್ಟಣ ಯಾವುದು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಉತ್ತರ ಹೇಳಿದ ಮೇಲೆಯೇ ಹಗಲೆಲ್ಲ ಹೊಲ ಉತ್ತವನು ಭೀಮಸೇನನಾಗುವುದು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯ ಒಂದು ಮನೆಯಲ್ಲಿ, ರಜೆಯ ರಾತ್ರಿಯೊಂದರಲ್ಲಿ, ಅದೇ ಪ್ರಶ್ನೆ ಪಡಸಾಲೆಯಿಂದ ಕೇಳಿಬಂತು. ಒಂದು ಕಾಲಕ್ಕೆ ಕೀಚಕನ ವೇಷಕ್ಕೆ ಹೆಸರಾಗಿದ್ದ ತಾತ ಮಂಚದಿಂದ ಎದ್ದು ಬಂದ. ಮೇಜಿನ ಸುತ್ತ ಮೊಮ್ಮಗ, ಮೊಮ್ಮಗಳು, ನೆರೆಮನೆಯ ಇಬ್ಬರು ಹುಡುಗರು. ಮುಂದೆ ಕಾಗದ, ಪೆನ್ಸಿಲು, ಬಣ್ಣದ ದಾಳಗಳು. ಪ್ರಶ್ನೆ ಕೇಳಿದವನು ಮೊಮ್ಮಗ. ಸಾರಥಿಯೂ ಆತನೇ, ಭಾಗವತನೂ ಆತನೇ.

“ಇದು ಯಾವ ಪ್ರಸಂಗ?” ಎಂದ ತಾತ.

ಮೊಮ್ಮಗ ವಿವರಿಸಿದ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲಿಯೇ ಕಥೆ ಕಟ್ಟುವ ಇಂಥ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದು ಕತ್ತಿ, ಮಂತ್ರಗಳ ಲೋಕ. ಮೈಕ್ ಪಾಂಡ್‌ಸ್ಮಿತ್ ಎಂಬಾತ 1988ರಲ್ಲಿ ಹೊರತಂದ ‘ಸೈಬರ್‌ಪಂಕ್’ ಮುಂಬರುವ ಕಾಲದ್ದು. ಅಲ್ಲಿ ಆಳುವವರು ಅರಸರಲ್ಲ, ದೊಡ್ಡ ಕಂಪನಿಗಳು. ಬಡವನು ಬದುಕಲು ತನ್ನ ತೋಳನ್ನೋ ಕಣ್ಣನ್ನೋ ತೆಗೆಸಿ ಯಂತ್ರದ್ದನ್ನು ಹಾಕಿಸಿಕೊಳ್ಳುತ್ತಾನೆ. ಮೊದಲ ಆಟದ ಕಥೆ ನಡೆಯುವುದು 2013ರಲ್ಲಿ. 1990ರ ಆವೃತ್ತಿಯದು 2020ರಲ್ಲಿ. ಆ ವರ್ಷಗಳೆರಡೂ ಕಳೆದುಹೋದುವು. ಬೀದಿಬೀದಿಗೆ ಕಬ್ಬಿಣದ ತೋಳಿನ ಅಂಗಡಿ ಬರಲಿಲ್ಲ. ಹೊಸ ಆವೃತ್ತಿಯಲ್ಲಿ ಕಥೆ 2045ಕ್ಕೆ ಸರಿದಿದೆ.

“ಯಂತ್ರದ ತೋಳು ಪುಕ್ಕಟೆಯೆ?”

“ಹಣ ಕೊಡಬೇಕು ತಾತಾ. ಹಣದ ಜೊತೆಗೆ ಮಾನವತೆಯನ್ನೂ ಕೊಡಬೇಕು.”

ಆಟದ ತಿರುಳು ಇಲ್ಲಿಯೇ ಇದೆ ಎನ್ನಬೇಕು. ಪಾತ್ರದ ಅನುಕಂಪ 6 ಇದ್ದರೆ ಅದರ ಹತ್ತರಷ್ಟು, ಎಂದರೆ 60 ಅಂಕ, ಮಾನವತೆ. ಒಂದು ಯಂತ್ರಾಂಗ ಹಾಕಿಸಿಕೊಂಡಾಗ ಸಾಮಾನ್ಯವಾಗಿ ಆರು ಮುಖದ ಎರಡು ದಾಳಗಳನ್ನು ಎಸೆಯುತ್ತಾರೆ. ಬಿದ್ದಷ್ಟು ಅಂಕ ಹೋಯಿತು. ಹತ್ತು ಹೋದಂತೆ ಅನುಕಂಪ ಒಂದು ಮೆಟ್ಟಿಲು ಇಳಿಯಿತು. ಸೊನ್ನೆಗಿಂತ ಕೆಳಗೆ ಹೋದರೆ ಪಾತ್ರ ಆಟಗಾರನ ಕೈತಪ್ಪಿ ಹುಚ್ಚು ಕೊಲೆಗಾರನಾಗುತ್ತದೆ. ಅಲ್ಲಿಂದ ಅದನ್ನು ನಡೆಸುವವನು ಸೂತ್ರಧಾರ.

ಮೊಮ್ಮಗಳದು ವೈದ್ಯೆಯ ಪಾತ್ರ. ನಿಜಜೀವನದಲ್ಲಿಯೂ ಅವಳು ಬೆಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ. ಎರಡು ತೋಳು, ಕಿವಿ, ನರಗಳಿಗೆ ಬೆಸೆದ ತಂತಿ ಮುಂತಾದುವೆಲ್ಲ ಸೇರಿ ಅವಳಲ್ಲಿ ಉಳಿದ ಮಾನವತೆ 9 ಮಾತ್ರ. ಗೆಳೆಯನೊಬ್ಬ ಕಂಪನಿಯ ಕತ್ತಲ ನೆಲಮಾಳಿಗೆಯಲ್ಲಿ ಸೆರೆಸಿಕ್ಕಿದ್ದಾನೆ. ಇರುಳಿನಲ್ಲಿ ಕಾಣುವ ಕಣ್ಣು ಹಾಕಿಸಿಕೊಂಡರೆ ಆತನನ್ನು ಬಿಡಿಸಬಹುದು.

“ದಾಳ ಬೀಳುವ ಬಗೆ 36. ಅದರಲ್ಲಿ ಆರು ಮಾತ್ರ ನಿನ್ನನ್ನು ಮುಗಿಸುತ್ತವೆ. ಎಸೆ, ಅಕ್ಕಾ,” ಎಂದ ತಮ್ಮ.

ಅವಳು ದಾಳ ಹಿಡಿದು ಕುಳಿತೇ ಇದ್ದಳು. ಆಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಹೊತ್ತಾಯಿತು.

“ತಾತಾ, ವಾರ್ಡಿನಲ್ಲಿ ಮೊದಲ ಸಾವು ಕಂಡ ದಿನ ಊಟ ಸೇರಲಿಲ್ಲ. ಹೋದ ತಿಂಗಳು ಒಂದೇ ರಾತ್ರಿ ಇಬ್ಬರು ಹೋದರು. ಪಾಳಿ ಮುಗಿಸಿ ಬಂದು ಉಂಡು ಮಲಗಿದೆ,” ಎಂದಳು.

ಯಾರೂ ಮಾತನಾಡಲಿಲ್ಲ. ಕೊನೆಗೆ ತಾತ ಹೇಳಿದ: “ಇಡೀ ರಾತ್ರಿ ಕೀಚಕನಾಗಿ ಅಬ್ಬರಿಸಿದ್ದೇನೆ, ಅವ್ವಾ. ಬೆಳಗಾದ ಮೇಲೆ ಮುಖಕ್ಕೆ ಎಣ್ಣೆ ಹಚ್ಚಿ ಅರದಾಳ ಒರೆಸುತ್ತಿದ್ದೆವು. ಒರೆಸದೆ ಮನೆಗೆ ಹೋದರೆ ಕೂಸು ಅಳುತ್ತಿತ್ತು. ನಿಮ್ಮ ಈ ಬಣ್ಣಕ್ಕೆ ಎಣ್ಣೆ ಇಲ್ಲವೆ?”

“ಚಿಕಿತ್ಸೆ ಉಂಟು ತಾತಾ. ಹೋದುದು ಒಂದಿಷ್ಟು ಮರಳುತ್ತದೆ. ಆದರೆ ಯಂತ್ರ ಮೈಯಲ್ಲಿರುವ ತನಕ ಪೂರ್ತಿ ಮರಳದು,” ಎಂದ ಮೊಮ್ಮಗ.

ಅವಳು ಎರಡೂ ದಾಳಗಳನ್ನು ಕೆಳಗಿಟ್ಟಳು. “ಕಣ್ಣು ಬೇಡ. ಬ್ಯಾಟರಿ ಹಿಡಿದು ಹೋಗುತ್ತೇನೆ.”

“ಬೆಳಕು ಕಂಡರೆ ಕಾವಲಿನವರು ಗುಂಡು ಹಾರಿಸುತ್ತಾರೆ!”

“ಹಾರಿಸಲಿ.”

ಹತ್ತು ಮುಖದ ದಾಳ ಉರುಳಿತು. ಗುಂಡು ತಗುಲಿತು, ಗೆಳೆಯನೂ ಹೊರಬಂದ. ನೆರೆಮನೆಯ ಹುಡುಗರ ಕೂಗಿಗೆ ಹಿತ್ತಿಲ ಎಮ್ಮೆ ಎದ್ದು ನಿಂತಿತು.

ಮರುದಿನ ಬಸ್ಸಿನ ಹೊತ್ತಿಗೆ ತಾತ ಚಿಕ್ಕ ಸೀಸೆಯೊಂದನ್ನು ಅವಳ ಚೀಲದಲ್ಲಿಟ್ಟ. ಕೊಬ್ಬರಿ ಎಣ್ಣೆ.

“ತಲೆಗೇ, ತಾತಾ?”

“ತಲೆಗೂ ಆದೀತು. ಪಾಳಿ ಮುಗಿದ ಮೇಲೆ ಮುಖಕ್ಕೂ ಒಂದಿಷ್ಟು ಹಚ್ಚಿಕೋ. ಆಮೇಲೆ ಮನೆಗೊಂದು ಫೋನು ಮಾಡು.”