ಬೆನ್ನು ಕೊಟ್ಟು ನೋಡುವವರು

ಕಳೆದ ವೈಶಾಖದಲ್ಲಿ ನಾನು ಪ್ಯಾರಿಸ್ ನಗರಕ್ಕೆ ಹೋಗಿಬಂದೆನಷ್ಟೆ. ಅಲ್ಲಿ ತೆಗೆದ ಛಾಯಾಚಿತ್ರಗಳನ್ನು ಮಿತ್ರರಿಗೆ ತೋರಿಸಲಾಗಿ ಒಬ್ಬರು, “ಐಫೆಲ್ ಗೋಪುರದ ಮುಂದೆ ತಾವು ನಿಂತಿರುವ ಪಟವೆಲ್ಲಿ?” ಎಂದರು. ಇಲ್ಲವೆಂದೆ. “ಹಾಗಾದರೆ ಅಷ್ಟು ಹಣ ವೆಚ್ಚಮಾಡಿದ್ದು ಈ ಗೋಡೆಗಲ್ಲನ್ನೂ ನೆಲದ ಬಿಲ್ಲೆಯನ್ನೂ ನೋಡುವುದಕ್ಕೋ?” ಎಂದು ನಕ್ಕರು. ಮತ್ತೊಬ್ಬ ಹಿರಿಯರು, ಯಂತ್ರವನ್ನು ಹಿಡಿದವನಿಗೆ ದರ್ಶನಸುಖವೇ ಇಲ್ಲವೆಂದು ತೀರ್ಪಿತ್ತರು. ಈ ಎರಡು ಪಕ್ಷಗಳೂ ಅಸಾಧುವೆಂದು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಪಕ್ಷವನ್ನು ಪರಿಶೀಲಿಸೋಣ. 1889ರಲ್ಲಿ ಪೂರ್ಣವಾದ ಆ ಗೋಪುರದ ಸಮೀಪದಲ್ಲಿ ಅರ್ಧ ಗಂಟೆ ಕುಳಿತು ನೋಡಿದೆ. ಬಂದವರಲ್ಲಿ ಬಹುಮಂದಿ ಗೋಪುರಕ್ಕೆ ಬೆನ್ನು ತಿರುಗಿಸುವರು, ಕೈಚಾಚಿ, ಮೊಬೈಲಿನಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ನಗುವರು, ಹೊರಡುವರು. ದೇವರಿಗೆ ಬೆನ್ನುಹಾಕಿ ಮಂಗಳಾರತಿ ತೆಗೆದುಕೊಂಡಂತಾಯಿತು! ಆ ಮುಖವು ಊರಿನಲ್ಲಿಯೂ ಇತ್ತಲ್ಲವೆ?

ಇನ್ನು ಆ ಗೋಡೆಗಲ್ಲು. ವೋಜಿರಾರ್ ಬೀದಿಯ 36ನೆಯ ಮನೆಯ ಕಮಾನಿನ ಕೆಳಗೆ ಒಂದು ಅಮೃತಶಿಲೆಯ ಅಳತೆಪಟ್ಟಿಯಿದೆ. ಮಹಾಕ್ರಾಂತಿಗೆ ಮೊದಲು ಫ್ರಾನ್ಸಿನಲ್ಲಿ ಸೀಮೆಗೊಂದು ಅಳತೆ; ಅದರಿಂದ ಮೋಸಹೋಗುತ್ತಿದ್ದವನು ಬಡವ. ಹೊಸ ಅಳತೆಯಾದ ಮೀಟರನ್ನು ಜನರು ಕಣ್ಣಾರೆ ಕಂಡು ತಿಳಿಯಲೆಂದು 1796–97ರಲ್ಲಿ ನಗರದ 16 ಕಡೆ ಇಂಥ ಪಟ್ಟಿಗಳನ್ನು ನೆಟ್ಟರು. ಈಗ ಉಳಿದಿರುವುವು ಎರಡು. ಮೊದಲಿದ್ದ ಸ್ಥಳದಲ್ಲಿಯೇ ಇರುವುದು ಇದೊಂದೇ. ಮೂವತ್ತು ವರ್ಷ ಮಕ್ಕಳಿಗೆ ಮೀಟರಿನ ಲೆಕ್ಕವನ್ನು ಕಲಿಸಿದವನು ನಾನು. ಅದು ನ್ಯಾಯಕ್ಕಾಗಿ ಹುಟ್ಟಿದ ಅಳತೆಯೆಂದು ಒಮ್ಮೆಯೂ ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ. ಆ ಕಲ್ಲಿನ ಮುಂದೆ ನನಗಾದ ಲಜ್ಜೆಯು ಯಾವ ಗೋಪುರದ ಮುಂದೆಯೂ ಆಗಲಾರದು.

ನೆಲದ ಬಿಲ್ಲೆಯ ಕಥೆಯೂ ಇದಕ್ಕೆ ಸೇರಿದ್ದೇ. ಧ್ರುವದಿಂದ ವಿಷುವದ್ರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಭಾಗವೇ ಮೀಟರೆಂದು ನಿಶ್ಚಯಿಸಿ, ಪ್ಯಾರಿಸಿನ ಮೂಲಕ ಹಾಯುವ ರೇಖಾಂಶವನ್ನು 1792ರಿಂದ 1798ರವರೆಗೆ ಅಳೆದರು. ಆ ಅಳತೆಯನ್ನು ಮುಂದೆ ದಕ್ಷಿಣಕ್ಕೆ ವಿಸ್ತರಿಸಿದವರಲ್ಲಿ ಖಗೋಳಜ್ಞ ಅರಾಗೋ ಒಬ್ಬನು. ಅವನ ಕಂಚಿನ ಪ್ರತಿಮೆಯನ್ನು 1942ರಲ್ಲಿ ಕರಗಿಸಿಬಿಟ್ಟರು. 1994ರಲ್ಲಿ ಅವನ ಹೆಸರುಳ್ಳ 135 ಕಂಚಿನ ಬಿಲ್ಲೆಗಳನ್ನು ಆ ರೇಖೆಯ ಉದ್ದಕ್ಕೂ ನೆಲದಲ್ಲಿ ಕೂಡಿಸಿದರು. ಜನರು ತುಳಿದು ನಡೆಯುತ್ತಾರೆ. ತಲೆ ತಗ್ಗಿಸಿದವನಿಗೆ ಮಾತ್ರ ಕಾಣುತ್ತದೆ.

ಎರಡನೆಯ ಪಕ್ಷಕ್ಕೆ ಉತ್ತರವನ್ನು ಅದೇ ಅರಾಗೋ ಕೊಡುತ್ತಾನೆ. ದಾಗೆರ್ ಎಂಬವನ ಛಾಯಾಗ್ರಹಣ ವಿದ್ಯೆಯನ್ನು 1839ರಲ್ಲಿ ವಿಜ್ಞಾನ ಪರಿಷತ್ತಿನ ಮುಂದೆ ಪ್ರಕಟಪಡಿಸಿದವನು ಅವನೇ. ದಾಗೆರನು 1838ರಲ್ಲಿ ಪ್ಯಾರಿಸಿನ ಒಂದು ಜನನಿಬಿಡ ಬೀದಿಯನ್ನು ಚಿತ್ರಿಸಿದನು. ಫಲಕಕ್ಕೆ ಹಲವು ನಿಮಿಷ ಬೆಳಕು ಬೇಕಾಗಿದ್ದುದರಿಂದ, ಸಂಚರಿಸುತ್ತಿದ್ದ ಗಾಡಿಗಳೂ ಜನರೂ ಮಾಯವಾದರು. ಪಾದರಕ್ಷೆಗೆ ಮೆರುಗು ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬನೂ ಅವನ ಕಾಲಬಳಿಯ ಕೆಲಸಗಾರನೂ ಉಳಿದರು. ಯಂತ್ರವು ದರ್ಶನಕ್ಕೆ ವಿಘ್ನವಲ್ಲ, ವಿಘ್ನವು ನಮ್ಮ ಅವಸರ. ನಿಂತು ನೋಡುವುದನ್ನು ಅದು ಕಲಿಸಿದರೆ ಗುರುವೇ ಆಯಿತು.

ನಮ್ಮ ಶಾಸನಗಳಲ್ಲಿಯೂ ಭೂಮಿಯನ್ನಳೆಯುವ ಗಳೆಯ ಮಾತು ಬರುತ್ತದೆ. ಆ ಶಾಸನಕ್ಕೆ ಬೆನ್ನು ಕೊಟ್ಟು ಪಟ ತೆಗೆಸಿಕೊಳ್ಳುವವರಿಗೆ ಪ್ಯಾರಿಸಾದರೇನು, ಬನವಾಸಿಯಾದರೇನು? ನಗುವ ಮಿತ್ರರು ನಗಲಿ. ಆದರೆ ಮುಂದಿನ ಸಲ ಒಮ್ಮೆ ಇತ್ತ ತಿರುಗಿ ನೋಡಲಿ.